ಸತ್ಯಾಂಶ: ಐನ್‌ಸ್ಟೈನ್‌ಗೆ ಬಂದಿತ್ತೆನ್ನುವ ಆ ಪತ್ರ ನಕಲಿ

ಈ ಫೋಟೊ ನಿಮಗೂ ಬಂದಿರಬಹುದು. 1907ರಲ್ಲಿ ಸ್ವಿಟ್ಜರ್ಲೆಂಡ್‌ನ ಬರ್ನ್ ವಿಶ್ವವಿದ್ಯಾಲಯ ಐನ್‌ಸ್ಟೈನ್‌ಗೆ ಬರೆದ ಪತ್ರವಂತೆ. ನಿಮ್ಮ ಡಾಕ್ಟರೇಟ್ ಅರ್ಜಿ ಒಪ್ಪಿಗೆಯಾಗಿಲ್ಲ, ಹಾಗಾಗಿ ಪ್ರೊಫೆಸರ್ ಹುದ್ದೆಯೂ ಇಲ್ಲ ಅಂತ ಅದರಲ್ಲಿದೆ. ಜೊತೆಗೆ ‘ಛಲ ಬಿಡಬೇಡಿ’ ಅನ್ನೋ ಬುದ್ಧಿಮಾತು ಬೇರೆ.

ಮೊದಲು ಭಾಷೆ ನೋಡಿ. ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಜರ್ಮನ್ ಆಡುವ ಊರಿನ ವಿಶ್ವವಿದ್ಯಾಲಯ, ಅದೇ ಊರಲ್ಲಿದ್ದ ಜರ್ಮನ್ ಮಾತೃಭಾಷೆಯವರಿಗೆ ಇಂಗ್ಲಿಷ್‌ನಲ್ಲಿ ಯಾಕೆ ಬರೆಯುತ್ತೆ ಹೇಳಿ? ಇನ್ನು ಡಾಕ್ಟರೇಟ್ ಅಂತೀರಾ, ಅದಕ್ಕೆ ಅವರು 1905ರಲ್ಲೇ ಜ್ಯೂರಿಕ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕೊಟ್ಟಿದ್ದರು, 1907ರ ಹೊತ್ತಿಗೆ ಪದವಿ ಕೈಯಲ್ಲೇ ಇತ್ತು.

ಹಾಗಂತ ಬರ್ನ್‌ನಲ್ಲಿ ಏನೂ ಆಗಲಿಲ್ಲ ಅಂತಲ್ಲ. ಆ ವರ್ಷ ಅವರು ಅಲ್ಲಿ ಪಾಠ ಮಾಡುವ ಅನುಮತಿ ಕೇಳಿದ್ದು ನಿಜ, ಸಿಗದೇ ಹೋದದ್ದೂ ನಿಜ. ಕಾರಣ ಮಾತ್ರ ಸಪ್ಪೆ. ನಿಯಮದ ಪ್ರಕಾರ ಹೊಸದೊಂದು ಪ್ರಬಂಧ ಬರೆದು ಕೊಡಬೇಕಿತ್ತು, ಇವರು ಅಚ್ಚಾಗಿದ್ದ ತಮ್ಮ ಹಳೇ ಲೇಖನಗಳನ್ನೇ ಕಳಿಸಿದ್ದರು. 1908ರಲ್ಲಿ ಪ್ರಬಂಧ ಕೊಟ್ಟರು, ಅನುಮತಿ ಸಿಕ್ಕಿತು, ಅಷ್ಟೇ.

ಸಿಕ್ಕಿದ್ದು ‘ಪ್ರಿವಾಟ್‌ಡೋಟ್ಸೆಂಟ್’ ಸ್ಥಾನ. ಸಂಬಳ ಇಲ್ಲ, ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಗತಿ. ಹಾಗಾಗಿ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಮಾಡುತ್ತಿದ್ದ ಕೆಲಸ ಬಿಡೋ ಹಾಗಿರಲಿಲ್ಲ, ಬೆಳಿಗ್ಗೆ 7ಕ್ಕೇ ಕ್ಲಾಸು. ಮೊದಲ ಸಲ ಕೂತವರು 3 ಜನ, ಅವರಲ್ಲೊಬ್ಬರು ಗೆಳೆಯ ಮಿಕೆಲೆ ಬೆಸ್ಸೊ. ಫಾರ್ವರ್ಡ್ ಮಾಡೋದಾದರೆ ಇದನ್ನೇ ಮಾಡಬಹುದಿತ್ತು, ಅಲ್ವಾ? 1909ರಲ್ಲಿ ಜ್ಯೂರಿಕ್‌ನಲ್ಲಿ ಪ್ರೊಫೆಸರ್ ಆದಮೇಲೆಯೇ ಅವರು ಕಚೇರಿ ಬಿಟ್ಟದ್ದು.