ಸುಟ್ಟವನಿಗೆ ಕುರ್ಚಿ, ಸುಟ್ಟುಕೊಂಡ ಮಗುವಿಗೆ ಬೈಗುಳ

ಮುಚ್ಚಳಿಕೆಯಂತೆ, ಮುಚ್ಚಳಿಕೆ! ಒಂಬತ್ತು ವರ್ಷದ ಹುಡುಗನ ತೊಡೆಗೆ ಸವಟು ಕಾಯಿಸಿ ಇಟ್ಟ ದೊಡ್ಡಪ್ಪನ ಹತ್ತಿರ, ಪೊಲೀಸರು ಬಿಳಿ ಹಾಳೆಯ ಮೇಲೆ 'ಇನ್ನು ಮುಂದೆ ಹೀಗೆ ಮಾಡುವುದಿಲ್ಲ' ಅಂತ ಬರೆಸಿಕೊಂಡು, ಸಹಿ ಮಾಡಿಸಿಕೊಂಡು, ಅದೇ ಹುಡುಗನನ್ನು ಅವನದೇ ಬೈಕಿನ ಹಿಂದೆ ಹತ್ತಿಸಿ ಕಳಿಸಿದರು. ಆ ಮಗುವಿಗೆ ಸರಿಯಾಗಿ ಕೂರೋಕೂ ಆಗಲ್ಲ. ಒಂದು ಪಕ್ಕಕ್ಕೆ ವಾಲಿಕೊಂಡು ಹೋದ. ಸ್ಟೇಷನ್ ಬಾಗಿಲಲ್ಲಿ ನಿಂತಿದ್ದವರೆಲ್ಲ ನೋಡಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಯಾವ ಊರು, ಯಾವ ಸ್ಟೇಷನ್ ಅಂತ ಕೇಳಬೇಡಿ. ಹೇಳಿದರೆ ಹುಡುಗ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತೆ. ನನ್ನ ಹೆಸರನ್ನಂತೂ ಅವರೇ ಗೊತ್ತು ಮಾಡಿಸಿ ಆಗಿದೆ.

ಟ್ಯೂಷನ್ನಿಗೆ ಬರುವ ಹುಡುಗ. ತಾಯಿ ಇಲ್ಲ, ಅಪ್ಪ ಗೋವಾದಲ್ಲಿ ದುಡೀತಾನೆ, ಇವನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದಾನೆ. ನಿಂತೇ ಬರೀತೀನಿ ಅಂದ. ಯಾಕೋ ಅಂದರೆ ಮಾತಿಲ್ಲ. ಚಡ್ಡಿ ಗಾಯಕ್ಕೆ ಅಂಟಿಕೊಂಡಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನೀರು ಹಾಕಿ ಹಾಕಿ ಮೆಲ್ಲಗೆ ಬಿಡಿಸಿದರು. ಸವಟಿನ ಅಂಚು ಅರ್ಧಚಂದ್ರದ ಹಾಗೆ ಅಚ್ಚೊತ್ತಿತ್ತು. ಪಕ್ಕದಲ್ಲೇ ಹಳೆಯದೊಂದು, ಒಣಗಿ ಕಪ್ಪಾಗಿದ್ದು. ಆ ಡಾಕ್ಟರಮ್ಮ ಯಾರನ್ನೂ ಕೇಳದೆ, ಪೊಲೀಸರಿಗೆ ಕೊಡುವ ಗಾಯದ ವರದಿ, ಅಂದರೆ ಎಂಎಲ್‌ಸಿ ಬರೆದರು, ಹಳೆ ಗಾಯವನ್ನೂ ಸೇರಿಸಿ ಬರೆದರು. ಇಡೀ ದಿನದಲ್ಲಿ ತಮ್ಮ ಕೆಲಸ ತಾವು ಮಾಡಿದ್ದು ಅವರೊಬ್ಬರೇ. ಅವರ ಹೊಟ್ಟೆ ತಣ್ಣಗಿರಲಿ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮೊದಲು ಅದನ್ನು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದವು. 2023ರಿಂದ ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣಾ ಯೋಜನೆಯ ಅಡಿ ಸರ್ಕಾರವೇ ವಹಿಸಿಕೊಂಡು ತುರ್ತು ನಂಬರ್ 112ಕ್ಕೆ ಜೋಡಿಸುತ್ತಾ ಬಂದಿದೆ. ಫೋನ್ ಎತ್ತಿದ ಹುಡುಗಿ ಒಳ್ಳೆಯ ದನಿಯಲ್ಲೇ ಮಾತಾಡಿದಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸ್ತೀವಿ, ನಾಳೆ ಯಾರಾದರೂ ಬರ್ತಾರೆ, ಅಷ್ಟರೊಳಗೆ ನೀವು ಹತ್ತಿರದ ಸ್ಟೇಷನ್ನಿಗೆ ಹೋಗಿ ಅಂದಳು. ನಾಳೆ! ಹುಡುಗ ರಾತ್ರಿ ಎಲ್ಲಿ ಮಲಗಬೇಕು?

ಸ್ಟೇಷನ್ ಗೋಡೆಯ ಮೇಲೆ 'ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ' ಅಂತ ಬೋರ್ಡಿದೆ, ಕೆಳಗೆ ಹೆಸರೂ ಇದೆ. ಪ್ರತಿ ಠಾಣೆಯಲ್ಲಿ ಅಂಥ ಒಬ್ಬರು ಇರಲೇಬೇಕು, ಎಎಸ್‌ಐಗಿಂತ ಕೆಳಗಿನವರು ಆಗಿರಬಾರದು ಅಂತ ಬಾಲನ್ಯಾಯ ಕಾಯ್ದೆಯ 107ನೇ ಕಲಂ ಹೇಳುತ್ತೆ. ಆ ಸಾಹೇಬರು ಜಾತ್ರೆ ಬಂದೋಬಸ್ತಿಗೆ ಹೋಗಿದ್ದರಂತೆ. ಅವರ ಬದಲು ಮೇಜಿನ ಮುಂದೆ ಕೂತಿದ್ದವರು ಮೊದಲು ಕೇಳಿದ್ದು ಗಾಯದ ಬಗ್ಗೆ ಅಲ್ಲ.

"ಈ ಹುಡುಗ ನಿಮಗೇನಾಗಬೇಕ್ರಿ?"

"ಏನೂ ಆಗಬೇಕಿಲ್ಲರೀ, ನನ್ನ ಹತ್ರ ಟ್ಯೂಷನ್ನಿಗೆ ಬರ್ತಾನ."

"ನಿಮಗ ಮಕ್ಕಳೆಷ್ಟು?"

ಸ್ಟೇಷನ್ ತುಂಬ ಜನ. ಪಾಸ್‌ಪೋರ್ಟ್ ವಿಚಾರಣೆಗೆ ಬಂದವರು, ಹೊಲದ ಬದುವಿನ ಜಗಳದವರು, ನಮ್ಮ ಓಣಿಯವರೇ ಇಬ್ಬರು. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಗಾಯ ತೋರಿಸೋಕೆ ಬಂದವಳು ನಾನು. ನನ್ನ ಮಕ್ಕಳ ಲೆಕ್ಕ ಯಾಕೆ?

"ಮಕ್ಕಳಿಲ್ಲರೀ."

"ಹಂಗಾರ ಅದಕ್ಕ ಬಂದೀರಿ. ಮಕ್ಕಳನ್ನ ಹಡದು ಸಾಕಿದವರಿಗೆ ಗೊತ್ತಾಗತೈತಿ. ನಾವೆಲ್ಲಾ ಹೊಡತಾ ತಿಂದ ಬೆಳದೀವಿ, ಏನಾಗೇತಿ ನಮಗ?"

ಬದುವಿನ ಜಗಳದವರು ನಕ್ಕರು. ಜಗಳ ಬಿಟ್ಟು ಎರಡೂ ಕಡೆಯವರು ಸೇರಿಕೊಂಡು ನಕ್ಕರು. ನನ್ನ ಕಿವಿಯಲ್ಲಿ ಈಗಲೂ ಆ ನಗು ಇದೆ. ನನ್ನ ಗಂಡನ ಮನೆಯವರು ಕೂಡ ಇಷ್ಟು ಜನರ ಮುಂದೆ ನನಗೆ ಈ ಮಾತು ಅಂದಿಲ್ಲ. ಸರ್ಕಾರಿ ಕುರ್ಚಿಯ ಮೇಲೆ ಕೂತು, ಸರ್ಕಾರದ ಸಂಬಳ ತಿಂದು ಅಂದರು. ನಾನು ಏನು ಉತ್ತರ ಕೊಟ್ಟೆ? ಏನೂ ಇಲ್ಲ. ಎಂಎಲ್‌ಸಿ ಚೀಟಿ ಹಿಡಿದ ಕೈ ನಡುಗುತ್ತಿತ್ತು. ಹುಡುಗ ನನ್ನ ಸೆರಗು ಹಿಡಿದುಕೊಂಡಿದ್ದವನು, ಆ ಮಾತು ಕೇಳಿದ ಮೇಲೆ ಬಿಟ್ಟ. ಯಾಕೆ ಬಿಟ್ಟ ಅಂತ ನನಗೆ ಗೊತ್ತು. ಈ ಟೀಚರ್ ಕೈಲೂ ಏನೂ ಆಗಲ್ಲ ಅಂತ ಅವನಿಗೆ ಅರ್ಥವಾಯಿತು.

ಆಮೇಲೆ ದೊಡ್ಡಪ್ಪನಿಗೇ ಫೋನ್ ಹಚ್ಚಿದರು. ನನ್ನ ಎದುರಿಗೇ, "ಇಂಥಾ ಟೀಚರ್ ಬಂದು ಕಂಪ್ಲೇಂಟ್ ಕೊಡಾಕತ್ತಾರ, ಬಾ" ಅಂತ ಹೆಸರು ಹಿಡಿದು ಹೇಳಿದರು. ಅವನು ಗ್ರಾಮ ಪಂಚಾಯಿತಿ ಮೆಂಬರ್ ಒಬ್ಬರನ್ನು ಕರೆದುಕೊಂಡು ಬಂದ. ಇಬ್ಬರಿಗೂ ಕುರ್ಚಿ ಬಂತು, ಚಹಾ ಬಂತು. "ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ್ರೀ ಸಾಹೇಬ್ರ, ಅದಕ್ಕ ಚುಟಿಗಿ ಕೊಟ್ಟೀವಿ, ನಮ್ಮ ಹಿರೇರು ಮಾಡಿದ್ದ ಪದ್ಧತಿ" ಅಂದ. ಸಾಹೇಬರು ತಲೆ ಆಡಿಸಿದರು. ಹುಡುಗನ ಕಡೆ ತಿರುಗಿ, "ನಿನಗ ಅನ್ನ ಹಾಕಿದವರ ಮ್ಯಾಲ ಕಂಪ್ಲೇಂಟ್ ಕೊಡಸ್ತಿ? ದೊಡ್ಡಪ್ಪನ ಕಾಲಿಗೆ ಬೀಳು" ಅಂದರು. ಬಿದ್ದ. ಮೊಣಕಾಲು ಮಡಚೋಕೆ ಆಗದೆ ಗೋಡೆ ಹಿಡಿದುಕೊಂಡು ಬಗ್ಗಿದ. ಸುಟ್ಟವನ ಕಾಲನ್ನು ಸುಟ್ಟುಕೊಂಡವನು ಮುಟ್ಟಿದ. "ಇನ್ನ ಹಾಸಿಗ್ಯಾಗ ಹೊಯ್ಕೊಳ್ಳಂಗಿಲ್ಲ" ಅಂತ ಊರೆಲ್ಲ ಕೇಳುವ ಹಾಗೆ ಅವನ ಬಾಯಲ್ಲಿ ಹೇಳಿಸಿದರು.

ಕೇಸ್ ಯಾಕೆ ಹಾಕಲ್ಲ ಅಂತ ಕೇಳಿದೆ, ಕೇಳಲಿಲ್ಲ ಅಂದ್ಕೋಬೇಡಿ. "ಅದು ಕಾಗ್ನಿಜಬಲ್ ಅಲ್ಲರೀ, ಕೋರ್ಟ್ ಪರ್ಮಿಷನ್ ಬೇಕು" ಅಂದರು. ಅಂದರೆ ಪೊಲೀಸರು ತಾವಾಗಿ ಕೇಸ್ ಹಾಕುವಂಥ ಅಪರಾಧ ಅಲ್ಲವಂತೆ. ರಾತ್ರಿ ಪರಿಚಯದ ವಕೀಲರೊಬ್ಬರನ್ನು ಕೇಳಿದಾಗ ಗೊತ್ತಾಯಿತು, ಅದರಲ್ಲಿ ಅರ್ಧ ನಿಜ ಇದೆ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸಿದರೆ, ಕಡೆಗಣಿಸಿದರೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ 2021ರಲ್ಲಿ ಪಾರ್ಲಿಮೆಂಟು ಆ ಕಾಯ್ದೆ ತಿದ್ದುಪಡಿ ಮಾಡಿ, 3ರಿಂದ 7 ವರ್ಷ ಶಿಕ್ಷೆಯ ಅಪರಾಧಗಳನ್ನು ಕೂಡ ಪೊಲೀಸರು ತಾವಾಗಿ ಎಫ್‌ಐಆರ್ ಹಾಕದ ಪಟ್ಟಿಗೆ ಸೇರಿಸಿದೆ. ಮಕ್ಕಳ ರಕ್ಷಣೆಯ ಕಾನೂನನ್ನೇ ಹೀಗೆ ಹಲ್ಲು ಕಿತ್ತ ಹಾವು ಮಾಡಿದವರು ಯಾವ ಮಕ್ಕಳನ್ನು ನೆನೆಸಿಕೊಂಡು ಮಾಡಿದರೋ!

ಉಳಿದ ಅರ್ಧ ಕೇಳಿ. ಬೆಂಕಿಯಿಂದ ಅಥವಾ ಕಾದ ವಸ್ತುವಿನಿಂದ ಗಾಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂನಲ್ಲಿ ಬರುತ್ತೆ. ಅದು ಕಾಗ್ನಿಜಬಲ್. ಯಾವ ಕೋರ್ಟಿನ ಅನುಮತಿಯೂ ಬೇಡ. ಕೈಯಲ್ಲಿ ಎಂಎಲ್‌ಸಿ ಇತ್ತು. ಬರೆದುಕೊಳ್ಳುವ ಮನಸ್ಸು ಇರಲಿಲ್ಲ, ಅಷ್ಟೇ.

ಇನ್ನೊಂದು. ಇಂಥ ಮಗುವನ್ನು ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಮಾಡೋಕೆ ಸ್ಟೇಷನ್ ಯಾರು? ಅದು ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. 24 ಗಂಟೆಯೊಳಗೆ ಸಮಿತಿ ಮುಂದೆ ಹಾಜರುಪಡಿಸಬೇಕು, ಸಮಿತಿ ಕೂತಿರದಿದ್ದರೆ ಒಬ್ಬ ಸದಸ್ಯರ ಮುಂದೆ ಆದರೂ ಹಾಜರುಪಡಿಸಬಹುದು. ಹುಡುಗನ ತಾಯಿಯ ತಾಯಿ ಪಕ್ಕದ ತಾಲ್ಲೂಕಿನಲ್ಲಿದ್ದಾಳೆ. ಫೋನಿನಲ್ಲಿ ಅಳುತ್ತಾ "ನಾ ನೋಡ್ಕೋತೀನಿ ಕಳಿಸ್ರೀ" ಅಂತಾಳೆ. ಬಡವಿ, ನಿಜ. ಅಂಥವರಿಗೇ ಅಲ್ಲವೇ ಮಿಷನ್ ವಾತ್ಸಲ್ಯದಲ್ಲಿ ಮಗುವನ್ನು ಸಾಕೋಕೆ ಅಂತ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇಟ್ಟಿರುವುದು? ಒಬ್ಬರಾದರೂ ಆ ಅಜ್ಜಿಯ ಹೆಸರು ಕೇಳಿದರಾ?

ಸಾಕು, ಬಿಟ್ಟುಬಿಡು ಅಂತಾರೆ ಮನೆಯವರು. ಆ ಮನುಷ್ಯ ದಿನಾ ನಮ್ಮ ಓಣಿಯಲ್ಲೇ ಬೈಕಲ್ಲಿ ಓಡಾಡ್ತಾನೆ, ನಮಗ್ಯಾಕೆ ಊರ ಉಸಾಬರಿ ಅಂತಾರೆ. ಬೆಳಿಗ್ಗೆ ನನಗೂ ಹಾಗೇ ಅನ್ನಿಸಿತು. ಯಾರಿಗೂ ಬೇಡದ್ದು ನನಗ್ಯಾಕೆ, ನಾಲ್ಕು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನನ್ನ ಪಾಡಿಗೆ ಇರ್ತೀನಿ ಅಂದುಕೊಂಡೆ. ಅಷ್ಟರಲ್ಲಿ ಆ ಮನೆಯಿಂದ ಹುಡುಗಿಯೊಬ್ಬಳು ಬಂದು, "ಅವಂದು ಪುಸ್ತಕ ಕೊಡಬೇಕಂತ್ರೀ, ಇನ್ನ ಟ್ಯೂಷನ್ನಿಗೆ ಬರೂದಿಲ್ಲಂತ" ಅಂದಳು. ಹೆಂಗದಾನ ಅಂದರೆ ನೆಲ ನೋಡಿದಳು. ಪುಸ್ತಕ ಕೊಡಲಿಲ್ಲ. ಅವನೇ ಬಂದು ಒಯ್ಯಲಿ ಅಂದೆ. ಇಲ್ಲ, ಬಿಡೋಕಾಗಲ್ಲ ನನಗೆ.

ಯಾರಾದರೂ ಉತ್ತರ ಕೊಡಿ. ಇಲಾಖೆಯವರು ಓದುತ್ತಿದ್ದರೆ ಅವರೇ ಕೊಡಿ. ಮಗು ಕಷ್ಟದಲ್ಲಿದ್ದರೆ ಯಾರು ಬೇಕಾದರೂ ತಿಳಿಸಬಹುದು ಅಂತ ಶಾಲೆ ಗೋಡೆಗಳ ಮೇಲೆ ನಂಬರ್ ಬರೆಸ್ತೀರಿ. ತಿಳಿಸಿದವರನ್ನು ನಿಲ್ಲಿಸಿ ನಿಮಗೇನಾಗಬೇಕು, ಮಕ್ಕಳೆಷ್ಟು ಅಂತ ಕೇಳೋದು ಯಾವ ಕಲಂನಲ್ಲಿದೆ? ಸುಟ್ಟವನಿಗೆ ಫೋನ್ ಮಾಡಿ ನನ್ನ ಹೆಸರು ಹೇಳೋದು ಯಾವುದರಲ್ಲಿದೆ? ಮಗುವಿನ ಹತ್ತಿರ ಕ್ಷಮೆ ಕೇಳಿಸೋದು?

ಬಾಲನ್ಯಾಯ ಕಾಯ್ದೆಯ 31ನೇ ಕಲಂ ಪ್ರಕಾರ ಸಾರ್ವಜನಿಕ ಕಾಳಜಿ ಇರುವ ಯಾವ ನಾಗರಿಕರೂ ಮಗುವನ್ನು ಸಮಿತಿ ಮುಂದೆ ಕರೆದುಕೊಂಡು ಹೋಗಬಹುದು. ಹುಡುಗನೇ ಈಗ ನನ್ನ ಕೈಗೆ ಸಿಗುತ್ತಿಲ್ಲ. ಹಾಗಾಗಿ ಎಂಎಲ್‌ಸಿ ಪ್ರತಿ ಲಗತ್ತಿಸಿ ಸಮಿತಿಗೂ ಎಸ್‌ಪಿ ಆಫೀಸಿಗೂ ಅರ್ಜಿ ಬರೆದಿದ್ದೀನಿ, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಒಂದು ಪ್ರತಿ. ಸೋಮವಾರ ಅಜ್ಜಿಯನ್ನು ಕರೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗ್ತೀನಿ. ಸಮಿತಿ ಮುಂದೆ ಹೇಗೆ ಮಾತಾಡಬೇಕು ಅಂತ ಗೊತ್ತಿರುವವರು, ಇಂಥ ಅರ್ಜಿ ಕೊಟ್ಟು ಮಗುವನ್ನು ಹೊರಗೆ ತಂದವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಸಮಾಧಾನ ಹೇಳೋಕೆ ಬರಬೇಡಿ, ಯಾವ ಕಾಗದ ಬೇಕು ಅಂತ ಹೇಳಿ.