‘ಇಂದು ರಾತ್ರಿ ಮೊಬೈಲ್ ಆಫ್ ಮಾಡಿ’: ಮಂಗಳನ ಕಿರಣಗಳ ಸತ್ಯಾಂಶ

ಮಂಗಳ ಗ್ರಹದ ಕಾಸ್ಮಿಕ್ ಕಿರಣಗಳು ಇಂದು ರಾತ್ರಿ ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ ಎಂಬ ಮೆಸೇಜ್ ವರ್ಷಗಳಿಂದ ಸುತ್ತುತ್ತಲೇ ಇದೆ. ಇದು ನಿಜವಲ್ಲ. ಮನೆಯವರ ಮೇಲಿನ ಕಾಳಜಿಯಿಂದಲೇ ಜನ ಇದನ್ನು ಕಳಿಸುತ್ತಾರೆ, ಹಾಗಾಗಿ ನಿಧಾನವಾಗಿ ನೋಡೋಣ.

ಕಾಸ್ಮಿಕ್ ಕಿರಣಗಳು ಅಂದರೆ ಬಾಹ್ಯಾಕಾಶದಲ್ಲಿ ಅತಿ ವೇಗವಾಗಿ ಚಲಿಸುವ ಸೂಕ್ಷ್ಮ ಕಣಗಳು. ಅವು ಮಂಗಳನಿಂದ ಹೊರಡುವುದಿಲ್ಲ. ಅವು ಹೆಚ್ಚಾಗಿ ಸೌರಮಂಡಲದ ಆಚೆಯಿಂದ, ಹಗಲೂ ರಾತ್ರಿ ಬರುತ್ತಲೇ ಇರುತ್ತವೆ. ನಮ್ಮ ವಾತಾವರಣ ಬಹುಪಾಲನ್ನು ತಡೆಯುತ್ತದೆ. ಮೊಬೈಲ್ ಆನ್ ಇದ್ದರೂ ಆಫ್ ಇದ್ದರೂ ವ್ಯತ್ಯಾಸವಿಲ್ಲ.

ಮಂಗಳನ ಕಡೆಯಿಂದ ನಾವು ಕಾದು ಕೇಳುವುದು ನಾವೇ ಕಳಿಸಿದ ನೌಕೆಗಳ ರೇಡಿಯೋ ಸಂಕೇತಗಳನ್ನು. ಅವು ಎಷ್ಟು ಕ್ಷೀಣವೆಂದರೆ, ಮಂಗಳಯಾನದ ಸಂಕೇತ ಹಿಡಿಯಲು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾ ಬೇಕಾಯಿತು. ಆದರೆ ಇಷ್ಟು ದುರ್ಬಲ ಸಂಕೇತವೂ ಎಷ್ಟೊಂದು ಹೇಳುತ್ತದೆ! 1965ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್ 4 ನೌಕೆ ಮಂಗಳನ ಹಿಂದೆ ಮರೆಯಾಗುವಾಗ, ಅದರ ಸಂಕೇತ ಅಲ್ಲಿನ ಗಾಳಿಯನ್ನು ಹಾದು ಬಂತು. ಚೂರೇ ಚೂರು ಬಾಗಿತು, ಆವರ್ತನವೂ ತುಸು ಬದಲಾಯಿತು. ಅದನ್ನು ಅಳೆದೇ ವಿಜ್ಞಾನಿಗಳು ಮಂಗಳನ ನೆಲದ ಮೇಲಿನ ಗಾಳಿಯ ಒತ್ತಡ ನಮ್ಮದರ ಶೇ. 1ಕ್ಕಿಂತ ಕಡಿಮೆ ಎಂದು ತಿಳಿದುಕೊಂಡರು. ಸುಮಾರು 120 ಕಿ.ಮೀ. ಎತ್ತರದಲ್ಲಿ ವಿದ್ಯುತ್ ಕಣಗಳ ಪದರ ಇರುವುದೂ ಗೊತ್ತಾಯಿತು. ಫಾರ್ವರ್ಡ್ ಮಾಡಲು ಯೋಗ್ಯವಾದ ಸುದ್ದಿ ಇದು ಅಲ್ವಾ?

ಇಂಥ ಮೆಸೇಜ್ ಬಂದರೆ ಮೊದಲು ತಾರೀಕು ಹುಡುಕಿ. ‘ಇಂದು ರಾತ್ರಿ’ ಅಂದರೆ ಯಾವ ರಾತ್ರಿ? ಒಂದು ಸಾಲನ್ನು ಕಾಪಿ ಮಾಡಿ ಸರ್ಚ್ ಮಾಡಿ, ಹಳೇ ವರ್ಷಗಳಲ್ಲೂ ಅದೇ ಸಾಲು ಸಿಗುತ್ತದೆ. ಸುದ್ದಿವಾಹಿನಿಯ ಹೆಸರಿದ್ದರೆ ಅದರ ಜಾಲತಾಣದಲ್ಲೇ ನೋಡಿ. ಕಳಿಸಿದವರಿಗೆ ಗ್ರೂಪಿನಲ್ಲಿ ಬೇಡ, ಪ್ರತ್ಯೇಕವಾಗಿ ತಿಳಿಸಿ.