ಕ್ಯೂ ಇದ್ದರೇ ರುಚಿ

ಬೆಂಗಳೂರಿನಲ್ಲಿ ಒಂದು ಹೋಟೆಲು ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನಿಸುವುದಕ್ಕೆ ಈಗ ನಾಲಿಗೆ ಬೇಕಾಗಿಲ್ಲ, ಮೊಣಕಾಲು ಗಟ್ಟಿಯಿದ್ದರೆ ಸಾಕು. "ಅಲ್ಲಿ ಮಸಾಲೆ ದೋಸೆ ಹೇಗಿದೆ?" ಅಂತ ಯಾರನ್ನಾದರೂ ಕೇಳಿ ನೋಡಿ. ಹಿಟ್ಟು ಹದವಾಗಿ ಹುಳಿ ಬಂದಿತ್ತು, ಪಲ್ಯಕ್ಕೆ ಈರುಳ್ಳಿ ಸರಿಯಾಗಿ ಬಿದ್ದಿತ್ತು ಅಂತೆಲ್ಲ ಹೇಳುವ ಕಾಲ ಹೋಯಿತು. "ಮುಕ್ಕಾಲು ಗಂಟೆ ಕಾದ್ವಿ ಕಣ್ರೀ!" ಅನ್ನುತ್ತಾರೆ, ಅದೂ ಎದೆಯುಬ್ಬಿಸಿ. ಒಂದೂವರೆ ಗಂಟೆ ಕಾದು ಬಂದವರು ಪಕ್ಕದಲ್ಲಿದ್ದರೆ ಈ ಮುಕ್ಕಾಲು ಗಂಟೆಯವರನ್ನು ಕನಿಕರದಿಂದ ನೋಡುತ್ತಾರೆ. ದೋಸೆ ಹೇಗಿತ್ತು ಅನ್ನೋದು ಇಬ್ಬರ ಬಾಯಿಂದಲೂ ಹೊರಡುವುದಿಲ್ಲ.

ಅದೇ ಬೀದಿಯಲ್ಲಿ ನಾಲ್ಕು ಅಂಗಡಿ ಆಚೆ ಇನ್ನೊಂದು ಹೋಟೆಲು ಇರುತ್ತದೆ. ಫ್ಯಾನು ತಿರುಗುತ್ತಿರುತ್ತದೆ, ಟೇಬಲ್ಲು ಒರೆಸಿಟ್ಟಿರುತ್ತಾರೆ, ಗಲ್ಲಾದ ಹಿಂದೆ ಮಂಜುನಾಥ ಸ್ವಾಮಿ ಫೋಟೋದ ಕೆಳಗೆ ಯಜಮಾನರು ನಮ್ಮನ್ನೇ ಆಸೆಯಿಂದ ನೋಡುತ್ತಿರುತ್ತಾರೆ. ಮಂಡಿನೋವಿನ ಅಜ್ಜಿ, "ಅಲ್ಲಿ ಜಾಗ ಇದೆಯಲ್ಲಪ್ಪಾ" ಅಂದರೆ ಇಡೀ ಕುಟುಂಬ ಒಟ್ಟಿಗೆ ತಿರುಗಿ ಅಜ್ಜಿಯನ್ನು ನೋಡುತ್ತದೆ. "ಜಾಗ ಇದೆ ಅಂದ್ರೆ ಏನೋ ಸರಿಯಿಲ್ಲ ಅಂತ ಅರ್ಥ ಅಜ್ಜೀ. ಸ್ವಲ್ಪ ಗೋಡೆ ಹಿಡ್ಕೊಂಡು ನಿಂತ್ಕೊಳ್ಳಿ."

ಮನೆಯವರೆಲ್ಲ ಸೇರಿ ಭಾನುವಾರ ಹೊರಗೆ ತಿನ್ನೋಣ ಅನ್ನುವ ಮಾತು ವಾಟ್ಸಾಪ್ ಗುಂಪಿನಲ್ಲಿ ಗುರುವಾರವೇ ಶುರುವಾಗಿರುತ್ತದೆ. ಚಿಕ್ಕಪ್ಪನಿಗೆ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿಯೇ ಆಗಬೇಕು. ಅತ್ತೆಗೆ ಆ ದಿನ ಯಾವುದೋ ವ್ರತ. ಭಾವನವರು ಡಯಟ್ಟು, ಆದರೆ ತುಪ್ಪಕ್ಕೆ ಅಭ್ಯಂತರವಿಲ್ಲ. ಮಕ್ಕಳಿಗೆ ಗೋಬಿ ಮಂಚೂರಿ ಬೇಕು, ಆದರೆ 2024ರ ಮಾರ್ಚ್‌ನಲ್ಲಿ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂದ ಮೇಲೆ ಮೊದಲಿನ ಕೆಂಪು ಇಲ್ಲ ಅಂತ ಅವಕ್ಕೆ ಬೇಸರ. ಹೀಗೆ ಯಾರ ರುಚಿಯೂ ಯಾರ ರುಚಿಗೂ ಹೊಂದದೆ ಇದ್ದಾಗ, ಕೊನೆಗೆ ಎಲ್ಲರೂ ಒಪ್ಪುವ ಹೋಟೆಲು ಒಂದೇ: ಅತಿ ಉದ್ದದ ಕ್ಯೂ ಇರುವುದು.

ಇನ್ನು ಆ ಕ್ಯೂ ಒಳಗೆ ಬಂದಮೇಲೆ ನಡೆಯುವ ವಿದ್ಯಮಾನ ಇದೆಯಲ್ಲ, ಅದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಊಟ ಮಾಡುವವರ ಕುರ್ಚಿಯ ಬೆನ್ನು ಹಿಡಿದು ನಿಲ್ಲುವ ಕಲೆ ನಮಗೆ ಮದುವೆ ಛತ್ರದಲ್ಲೇ ಕರಗತವಾಗಿದೆ. ಅಲ್ಲಾದರೋ ಒಂದು ನಿಯಮವುಂಟು. ಮಜ್ಜಿಗೆ ಬಂತೆಂದರೆ ಪಂಕ್ತಿ ಮುಗಿಯಿತು, ಎರಡನೇ ಪಂಕ್ತಿಯವರು ತಯಾರಾಗಬಹುದು. ಹೋಟೆಲಿನಲ್ಲಿ ಅಂಥ ಧರ್ಮವಿಲ್ಲ. ಕಾಫಿ ಬಂತು, ಇನ್ನೇನು ಏಳುತ್ತಾನೆ ಅಂತ ನಾವು ಬ್ಯಾಗು ಹೆಗಲಿಗೇರಿಸಿಕೊಳ್ಳುವಷ್ಟರಲ್ಲಿ ಆ ಪುಣ್ಯಾತ್ಮ ಕೈಯೆತ್ತಿ, "ಒಂದು ಖಾಲಿ ದೋಸೆ ಹೇಳ್ಬಿಡಿ" ಅಂತಾನೆ. ಕಾಫಿ ಆದಮೇಲೆ ಖಾಲಿ ದೋಸೆ! ಯಾವ ಶಾಸ್ತ್ರದಲ್ಲಿದೆ ಸ್ವಾಮಿ ಇದು?

ಕೂತವನ ಕಷ್ಟವೂ ಕಡಿಮೆಯಲ್ಲ ಅನ್ನಿ. ನಮ್ಮ ಮಗಳ ಸ್ಕೂಲ್ ಬ್ಯಾಗಿನ ಪಟ್ಟಿ ಅವನ ಕಿವಿಗೆ ತಾಗುತ್ತಿರುತ್ತದೆ. ತಟ್ಟೆಯಲ್ಲಿ ಉಳಿದಿರುವ ಆ ಕೊನೆಯ ತುಂಡು, ಎಣ್ಣೆ ಕುಡಿದು ಕಂದಾಗಿ ಸುರುಳಿ ಸುತ್ತಿಕೊಂಡ ದೋಸೆಯ ಅಂಚು, ಅದನ್ನು ಅವನು ಚಟ್ನಿಯ ಬಟ್ಟಲ ಗೋಡೆಗೆ ಒರೆಸಿ ಒರೆಸಿ ಬಾಯಿಗಿಡುವುದನ್ನು ನಾಲ್ಕು ಜೊತೆ ಕಣ್ಣು ಹಿಂಬಾಲಿಸುತ್ತಿರುತ್ತವೆ. "ಅಮ್ಮಾ, ಈ ಅಂಕಲ್ ಯಾವಾಗ ಏಳ್ತಾರೆ?" ಅಂತ ಮಗು ಕೇಳುತ್ತದೆ. "ಶ್! ಈಗ ಏಳ್ತಾರೆ ಪುಟ್ಟಾ" ಅಂತ ತಾಯಿ ಪಿಸುಗುಡುತ್ತಾಳೆ, ಅಂಕಲ್‌ಗೆ ಸ್ಪಷ್ಟವಾಗಿ ಕೇಳುವಂತೆ.

ಇಷ್ಟಾಗಿ ಜಾಗ ಸಿಕ್ಕಿತು ಅಂದರೆ ಏನು ಸಿಕ್ಕಿತು? ಅಲ್ಲೊಂದು ಕುರ್ಚಿ, ಇಲ್ಲೆರಡು, ಕೈತೊಳೆಯುವ ಬೇಸಿನ್ನಿನ ಪಕ್ಕದಲ್ಲಿ ಒಂದು. ಕೂಡಿ ಉಣ್ಣೋಣ ಅಂತ ಹೊರಟ ಸಂಸಾರ ಹಾಲ್ ತುಂಬ ಹರಡಿಹೋಗುತ್ತದೆ. ಭಾವ ಆ ತುದಿಯಿಂದ ಎರಡು ಬೆರಳು ತೋರಿಸುತ್ತಾರೆ. ಎರಡು ವಡೆ ಅಂತಲೋ, ವಡೆ ಇಡ್ಲಿ ಎರಡೂ ಅಂತಲೋ, ಕೈತೊಳೆಯುವ ಜಾಗಕ್ಕೆ ಎರಡು ಹೆಜ್ಜೆ ಅಂತಲೋ ಗೊತ್ತಾಗುವುದಿಲ್ಲ. ಅಜ್ಜಿ ಮಾತ್ರ ಮೂವರು ಅಪರಿಚಿತ ಸಾಫ್ಟ್‌ವೇರ್ ಹುಡುಗರ ಟೇಬಲ್ಲಿನಲ್ಲಿ ಸುಖವಾಗಿರುತ್ತಾರೆ. ಕೇಸರಿಬಾತ್ ಬರುವಷ್ಟರಲ್ಲಿ ಒಬ್ಬನ ಗೋತ್ರ, ಸಂಬಳ ಎರಡೂ ತಿಳಿದುಕೊಂಡಿರುತ್ತಾರೆ. ಮುಂಗೈಯಿಂದ ಭುಜದವರೆಗೆ ದೋಸೆಯ ತಟ್ಟೆ ಪೇರಿಸಿಕೊಂಡು "ಸೈಡ್, ಸೈಡ್" ಅನ್ನುತ್ತ ಬರುವ ಸಪ್ಲೈಯರ್ ಒಬ್ಬರೇ ಆ ಹಾಲಿನಲ್ಲಿ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರುವ ಮನುಷ್ಯ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಹೆಸರೇ ಹೇಳುವಂತೆ ಅಕ್ಕಪಕ್ಕದ ವಿದ್ಯಾರ್ಥಿಗಳ ಹೊಟ್ಟೆಗೆಂದು. ಈಗ ಭಾನುವಾರ ಬೆಳಗ್ಗೆ ಅದರ ಮುಂದೆ ಸೇರುವ ಜನ ನೋಡಿದರೆ, ಅಷ್ಟು ಹೊತ್ತು ಕಾಯುವ ಪುರುಸೊತ್ತು ಇರುವ ವಿದ್ಯಾರ್ಥಿ ಅಂದರೆ ಪಿಎಚ್‌ಡಿ ಮಾಡುತ್ತಿರುವವನೇ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. 1965ರಿಂದ ನಡೆದುಬಂದ ಆ ಅಂಗಡಿಗೆ ಹೋಗಿ, ಫುಟ್‌ಪಾತಿನಲ್ಲಿ ಇಡ್ಲಿ ತಟ್ಟೆ ಹಿಡಿದುಕೊಂಡು, "ಸಾಂಬಾರ್ ಕೊಡಲ್ಲವಂತೆ!" ಅಂತ ಭಕ್ತಿಯಿಂದ ಹೇಳುತ್ತೇವೆ. ಮನೆಯಲ್ಲಿ ಹೆಂಡತಿ ಇಡ್ಲಿಗೆ ಬರೀ ಚಟ್ನಿ ಮಾಡಿದ ದಿನ ಈ ಭಕ್ತಿ ಎಲ್ಲಿ ಹೋಗಿರುತ್ತದೋ.

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ದು 1924ರ ಬೇರು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆ ಇಳಿಸಲೇಬೇಕು ಅಂತ ಸರ್ಕಾರ ಕಟ್ಟುನಿಟ್ಟು ಮಾಡಿದಾಗ ಅವರು ತುಪ್ಪ, ಬೆಣ್ಣೆ ಕಡಿಮೆ ಮಾಡಲಿಲ್ಲ, ಆಗುತ್ತಿರುವ ನಷ್ಟವನ್ನೇ ಬೋರ್ಡಿನಲ್ಲಿ ಬರೆದು ಹೊರಗೆ ಹಾಕಿದರು. ಕೊನೆಗೆ ಬಾಗಿಲು ಹಾಕಿ ತಿಂಡಿ ಮಿಕ್ಸ್ ಮಾರುವ ದಾರಿ ಹಿಡಿದರು. ಹೋಟೆಲಿನವನು ಗಿರಾಕಿಗೆ ಲೆಕ್ಕ ಒಪ್ಪಿಸುತ್ತಿದ್ದ ಕಾಲ ಅದು! ಈಗಿನ ಬೋರ್ಡುಗಳಲ್ಲಿ ಬರುವುದು ಟೋಕನ್ ನಂಬರು. ನಿಮ್ಮ ಕೈಯಲ್ಲಿ 184, ಗೋಡೆಯ ಮೇಲೆ 97.

ಎಂಬತ್ತರ ದಶಕದಲ್ಲಿ ಜಯನಗರದ ಕಡೆಯಿಂದ ದರ್ಶಿನಿಗಳು ಬಂದಾಗ ಈ ಸಮಸ್ಯೆಗೆ ಮೂಲದಲ್ಲೇ ಪರಿಹಾರ ಸಿಕ್ಕಿತ್ತು. ಜನ ಕುರ್ಚಿಗೆ ಕಾಯುತ್ತಾರೆ ತಾನೇ? ಕುರ್ಚಿಯನ್ನೇ ತೆಗೆದುಬಿಡಿ. ನಿಂತು ತಿನ್ನಿ, ಕಡಿಮೆ ಕೊಡಿ, ಬೇಗ ಹೋಗಿ. ಇಷ್ಟು ನ್ಯಾಯವಾದ ಒಪ್ಪಂದ ಈ ಊರಿನಲ್ಲಿ ಮತ್ತೆ ಆಗಿಲ್ಲ. ಆದರೆ ನಮ್ಮ ಜನ ಬಿಡಬೇಕಲ್ಲ, ಈಗ ನಿಲ್ಲುವ ಜಾಗಕ್ಕೂ ನಿಂತು ಕಾಯುತ್ತಾರೆ. ಎತ್ತರದ ಆ ಸ್ಟೀಲ್ ಟೇಬಲ್ಲಿನ ಮೇಲೆ ಯಾರೋ ಕರ್ಚೀಫು ಇಟ್ಟು ಟೋಕನ್ ತರಲು ಹೋಗಿರುತ್ತಾರೆ. ಸರ್ಕಾರಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ ಜನಾಂಗ ನಮ್ಮದು, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ.

ಸ್ನೇಹಿತರ ಜೊತೆ ಹೋಗುವ ಹೋಟೆಲುಗಳ ಕಥೆ ಇನ್ನೂ ಮೇಲ್ಮಟ್ಟದ್ದು. ಇಂದಿರಾನಗರ, ಕೋರಮಂಗಲದ ಕಡೆ. ಅಲ್ಲಿ ಕ್ಯೂಗೆ ವೇಟ್‌ಲಿಸ್ಟ್ ಅಂತಾರೆ. ಬಾಗಿಲಲ್ಲಿ ಒಬ್ಬಳು ಹುಡುಗಿ ಟ್ಯಾಬ್ ಹಿಡಿದು ನಿಂತಿರುತ್ತಾಳೆ, ಹೆಸರು ಕೇಳುತ್ತಾಳೆ. ಪುಟ್ಟಸ್ವಾಮಿ ಅಂದರೆ ನಲವತ್ತು ನಿಮಿಷವಾದ ಮೇಲೆ "ಪುಟಾಸ್ ವಾಮಿ, ಟೇಬಲ್ ಫಾರ್ ಸಿಕ್ಸ್!" ಅಂತ ಕೂಗುತ್ತಾಳೆ. ನಮ್ಮ ಸ್ನೇಹಿತನಿಗೆ ಅದು ತನ್ನ ಹೆಸರೆಂದು ಗೊತ್ತಾಗುವಷ್ಟರಲ್ಲಿ ಮುಂದಿನವರು ಒಳಗೆ ಹೋಗಿರುತ್ತಾರೆ.

ಅಲ್ಲಿನ ಬಿಲ್ಲು ಒಂದು ಪ್ರತ್ಯೇಕ ಸಾಹಿತ್ಯ ಪ್ರಕಾರ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಸಿ ಹೋಟೆಲಿಗೆ ಶೇ 18, ಎಸಿ ಇಲ್ಲದ್ದಕ್ಕೆ ಶೇ 12 ಇತ್ತು. ಅದೇ ನವೆಂಬರಿನಲ್ಲಿ ದೊಡ್ಡ ಸ್ಟಾರ್ ಹೋಟೆಲು ಬಿಟ್ಟು ಎರಡಕ್ಕೂ ಶೇ 5 ಮಾಡಿದರು. ತೆರಿಗೆಯಲ್ಲಿ ಭೇದಭಾವ ಅಳಿಯಿತು, ಮೆನುವಿನಲ್ಲಿ ಉಳಿಯಿತು. ಕೆಳಗೆ ತಿಂದರೆ ಒಂದು ರೇಟು, ಮೆಟ್ಟಿಲು ಹತ್ತಿ ಎಸಿ ಹಾಲಿನಲ್ಲಿ ತಿಂದರೆ ಇನ್ನೊಂದು. ದೋಸೆ ಬೇಗ ತಣ್ಣಗಾಗಿ ಚರ್ಮದ ಹಾಗಾಗಲಿ ಅಂತ ಹೆಚ್ಚು ದುಡ್ಡು ಕೊಡುವ ಗಿರಾಕಿ ಬೇರೆಲ್ಲಾದರೂ ಇದ್ದಾನೆಯೇ?

ಮತ್ತೆ ಸೇವಾ ಶುಲ್ಕ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಇದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಅಂದಿತು. ಹೋಟೆಲಿನವರ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. 2025ರ ಮಾರ್ಚ್ 28ರಂದು ಕೋರ್ಟು ಕೂಡ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಇಷ್ಟೆಲ್ಲ ಆದರೂ ಶುಲ್ಕ ಹಾಕುವ ಧೈರ್ಯ ಎಲ್ಲಿಂದ ಬರುತ್ತದೆ ಅಂದರೆ, ನಮ್ಮ ಮರ್ಯಾದೆಯಿಂದ. ಹೊಸ ಬೀಗರನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಶೇ 10 ಕಂಡಿತು. ಮ್ಯಾನೇಜರನ್ನು ಕರೆದು "ಇದನ್ನ ತೆಗೀರಿ" ಅನ್ನುತ್ತೀರಾ? ಬೀಗಿತ್ತಿ ಕಣ್ಣಂಚಿನಲ್ಲೇ ನೋಡುತ್ತಿರುತ್ತಾರೆ. ನೀವು ಉದಾರವಾಗಿ ನಕ್ಕು ಫೋನು ತೆಗೆದು ಸ್ಕ್ಯಾನ್ ಮಾಡುತ್ತೀರಿ. ಸುಪ್ರೀಂ ಕೋರ್ಟೇ ಬಂದು ಪಕ್ಕದಲ್ಲಿ ಕೂತರೂ ಬೀಗರ ಮುಂದೆ ಯಾರೂ ಸೇವಾ ಶುಲ್ಕ ತೆಗೆಸುವುದಿಲ್ಲ.

ರೀಲ್ಸ್ ಮಾಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರಿಗೂ ಹೊಟ್ಟೆಪಾಡು. ತುಪ್ಪ ಸುರಿಯುವುದನ್ನು ಎರಡೆರಡು ಸಲ ಸುರಿಸಿ ತೆಗೆಯುತ್ತಾರೆ, ತಿಂದವರ ಕೊಲೆಸ್ಟ್ರಾಲು ತಿಂದವರಿಗೆ. 2025ರ ಫೆಬ್ರವರಿಯಲ್ಲಿ ಕೆಲವು ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದಾರೆ ಅಂತ ಆರೋಗ್ಯ ಇಲಾಖೆ ಪತ್ತೆ ಹಚ್ಚಿ ನಿಷೇಧಿಸಿತಲ್ಲ, ಆಗ ಅಡುಗೆಮನೆಗೆ ಕ್ಯಾಮೆರಾ ತೂರಿಸಿದ್ದರೆ ಉಪಕಾರವಾಗುತ್ತಿತ್ತು. ಎಷ್ಟಾದರೂ ಪ್ಲಾಸ್ಟಿಕ್ಕು ತುಪ್ಪದ ಹಾಗೆ ಹೊಳೆಯುವುದಿಲ್ಲ.

ಕೊನೆಗೆ ನಮ್ಮ ಬಡಾವಣೆಯ ಒಂದು ಹೋಟೆಲಿನ ವಿಷಯ ಹೇಳಬೇಕು, ಹೆಸರು ಬೇಡ. ಚಿಕ್ಕ ಹೋಟೆಲು, ಎಂಟು ಟೇಬಲ್ಲು, ಹೊರಗೆ ಯಾವಾಗಲೂ ಜಾತ್ರೆ. ಯಜಮಾನರಿಗೆ ಪಾಪ, ಜನ ಬಿಸಿಲಲ್ಲಿ ನಿಲ್ಲುತ್ತಾರಲ್ಲ ಅಂತ ಕರುಣೆ ಬಂತು. ಪಕ್ಕದ ಮಳಿಗೆಯನ್ನೂ ಹಿಡಿದು ಗೋಡೆ ಒಡೆಸಿದರು. ಒಲೆ ಅದೇ, ಕಾವಲಿ ಅದೇ, ಭಟ್ಟರು ಅವರೇ, ಹಿಟ್ಟು ರುಬ್ಬುವ ಗ್ರೈಂಡರಿನ ಸದ್ದು ಕೂಡ ಅದೇ. ಬಂದವರಿಗೆಲ್ಲ ಬಂದ ತಕ್ಷಣ ಜಾಗ ಸಿಗತೊಡಗಿತು. ಹದಿನೈದು ದಿನದೊಳಗೆ ಬಡಾವಣೆಯ ತುಂಬ ಸುದ್ದಿ: "ಮೊದಲಿನ ರುಚಿ ಇಲ್ಲ ಬಿಡಿ, ದುಡ್ಡಾಸೆಗೆ ಬಿದ್ದರು." ನಮ್ಮ ಭಾವನವರಂತೂ ಹಿಟ್ಟಿನಲ್ಲಿ ಉದ್ದು ಕಡಿಮೆಯಾಗಿದೆ ಅಂತ ಅಳತೆಸಮೇತ ಹೇಳಿದರು.

ಯಜಮಾನರು ಕುಂದಾಪುರದ ಕಡೆಯವರು, ಬುದ್ಧಿವಂತರು. ಉದ್ದಿಗೆ ಕೈಹಾಕಲಿಲ್ಲ. ಹೊಸ ಭಾಗಕ್ಕೆ ಶಟರು ಎಳೆದು ಈರುಳ್ಳಿ ಮೂಟೆ ಪೇರಿಸಿದರು, ಹಳೆಯ ಎಂಟು ಟೇಬಲ್ಲಿನಲ್ಲೂ ಎರಡನ್ನು ತೆಗೆದರು. ಮುಂದಿನ ಭಾನುವಾರ ಜನ ಫುಟ್‌ಪಾತು ದಾಟಿ ರಸ್ತೆಗೆ ಬಂದಿದ್ದರು. ಭಾವ ಒಂದು ಗಂಟೆ ಹತ್ತು ನಿಮಿಷ ನಿಂತು, ಬೇಸಿನ್ನಿನ ಪಕ್ಕದ ಕುರ್ಚಿಯಲ್ಲಿ ಕೂತು, ಮೊದಲ ತುತ್ತು ಬಾಯಿಗಿಟ್ಟು, ಆ ತುದಿಯಿಂದಲೇ ಕೂಗಿದರು: "ನೋಡಿದ್ರಾ? ಉದ್ದು ಸರಿ ಮಾಡಿದ್ದಾರೆ!"